ಬಾಲದ ಹತ್ತಿರ ಕೊಕ್ಕಿದ್ದ ಗಿಳಿಗಳು

ನಾನು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ್ದು ಜೀವನದಲ್ಲಿ ಒಂದೇ ಸಲ. ಅದೂ ನನ್ನ ಮದುವೆ ಗೊತ್ತಾಗಿದ್ದ ಹೊತ್ತಿನಲ್ಲಿ, ಅಪ್ಪನ ಜೊತೆ, ಹಾಡುಹಗಲು, ನಮ್ಮ ಬೀದಿಯವರೆಲ್ಲ ಜಗಲಿಗೆ ಬಂದು ನಿಂತು ನೋಡುತ್ತಿರುವಾಗ. ನಾನು ಯಾರನ್ನೂ ಕೊಂದಿರಲಿಲ್ಲ. ಕೊಲೆಯಾದವಳೊಬ್ಬಳು ಉಟ್ಟಿದ್ದ ಸೀರೆಯನ್ನು ತಪ್ಪಾಗಿ ನೇಯ್ದಿದ್ದೆ, ಅಷ್ಟೆ.

ನಮ್ಮದು ದೊಡ್ಡಬಳ್ಳಾಪುರದಲ್ಲಿ ನೇಕಾರರ ಬೀದಿ. ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಬೀದಿಯ ಆ ಕೊನೆಯಲ್ಲಿ ಇಬ್ಬರು ಆಗಲೇ ಕರೆಂಟ್ ಮಗ್ಗ ಹಾಕಿಸಿ ಅಕ್ಕಪಕ್ಕದವರ ಕಿವಿಗೆಲ್ಲ ಕೆಲಸ ಕೊಟ್ಟಿದ್ದರು. ನಮ್ಮ ಮನೆಯಲ್ಲಿ ಮಾತ್ರ ಎರಡು ಗುಂಡಿಮಗ್ಗ, ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಕೂತು ನೇಯುವಂಥವು. ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ನಾನು. ಅಮ್ಮ ರಾಟೆಯ ಮುಂದೆ ಕೂತು ಇಬ್ಬರಿಗೂ ನೂಲು ಸುತ್ತಿ ಕೊಡುತ್ತಿದ್ದಳು, ಮಧ್ಯೆ ಎದ್ದು ಹೋಗಿ ಸಾರಿಗೆ ಒಗ್ಗರಣೆ ಹಾಕಿ ಬರುತ್ತಿದ್ದಳು. ರೇಷ್ಮೆ ನೂಲು ತಂದುಕೊಟ್ಟು ಸೀರೆ ತೆಗೆದುಕೊಂಡು ಹೋಗುತ್ತಿದ್ದವರು ಪೇಟೆಯ ಒಬ್ಬ ಸಾಹುಕಾರರು.

ಅಪ್ಪನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ಬೀಡಿ ಕೂಡ ಇಲ್ಲ. ಇದ್ದದ್ದು ಒಂದೇ ಚಟ, ತನ್ನ ನೇಯ್ಗೆಯ ಜಂಬ. ಮದುವೆಮನೆಯಲ್ಲಿ ಊಟಕ್ಕೆ ಕೂತರೆ ಅವನ ಕಣ್ಣು ಎಲೆಯ ಮೇಲಿರುತ್ತಿರಲಿಲ್ಲ, ಬಡಿಸುವವರ ಸೆರಗಿನ ಮೇಲಿರುತ್ತಿತ್ತು. ಒಂದು ಸಲ ಯಾರದೋ ಮನೆಯ ಸೊಸೆ ಪಾಯಸ ಬಡಿಸಲು ಬಗ್ಗಿದಾಗ ಅವಳ ಸೆರಗಿನ ತುದಿ ಎರಡು ಬೆರಳಲ್ಲಿ ಹಿಡಿದು, "ಎಳೆ ಬಿಟ್ಟೈತೆ ನೋಡವ್ವ ಇಲ್ಲಿ" ಎಂದುಬಿಟ್ಟಿದ್ದ. ಆ ಹುಡುಗಿ ಪಾಯಸದ ಪಾತ್ರೆಯನ್ನು ಅಲ್ಲೇ ಇಟ್ಟು ಒಳಗೆ ಓಡಿದಳು. ಅಮ್ಮ ಆಮೇಲೆ ಮೂರು ತಿಂಗಳು ಅಪ್ಪನನ್ನು ಯಾವ ಮದುವೆಗೂ ಕರೆದುಕೊಂಡು ಹೋಗಲಿಲ್ಲ. ನನ್ನ ಕೈಯ ಸೀರೆಗಳನ್ನೂ ಅಪ್ಪ ಹಾಗೇ ನೋಡುತ್ತಿದ್ದ. ತಪ್ಪು ಕಂಡರೆ ಬೈಯುತ್ತಿರಲಿಲ್ಲ, ಇಡೀ ದಿನ ಮಾತು ಬಿಡುತ್ತಿದ್ದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ತಪ್ಪು ಆದದ್ದು ದಸರೆಯ ಹೊತ್ತಿನಲ್ಲಿ. ಮಗ್ಗದ ಮೇಲುಗಡೆ ತೂತು ಹೊಡೆದ ರಟ್ಟುಗಳ ಮಾಲೆಯೊಂದು ತೂಗುತ್ತಿರುತ್ತದೆ. ಸೀರೆಯ ಅಂಚಿನಲ್ಲಿ ಯಾವ ಚಿತ್ರ ಬರಬೇಕೋ ಅದೆಲ್ಲ ಆ ತೂತುಗಳಲ್ಲೇ ಇರುತ್ತದೆ. ಒಂದೊಂದು ರಟ್ಟು ತಿರುಗಿದ ಹಾಗೆ ಚಿತ್ರಕ್ಕೆ ಒಂದೊಂದು ಗೆರೆ ಕೂಡುತ್ತ ಹೋಗುತ್ತದೆ. ನನ್ನ ಮಗ್ಗದಲ್ಲಿದ್ದದ್ದು ಗಿಳಿಯ ಅಂಚು. ಎಲೆಹಸಿರು ಒಡಲು, ಕುಂಕುಮದ ಬಣ್ಣದ ಅಂಚು, ಅದರಲ್ಲಿ ಸಾಲಾಗಿ ಗಿಳಿಗಳು. ಒಂದು ರಾತ್ರಿ ಇಲಿಯೊಂದು ರಟ್ಟು ಪೋಣಿಸಿದ ದಾರವನ್ನು ಕಡಿದು ಎರಡು ರಟ್ಟು ಕೆಳಗೆ ಬಿದ್ದಿದ್ದವು. ಬೆಳಗ್ಗೆ ಅಪ್ಪ ಬೆಂಗಳೂರಿಗೆ ಹೋಗಿದ್ದ. ನಾನೇ ಏಣಿ ಹಾಕಿ ಹತ್ತಿ ಅವನ್ನು ಕಟ್ಟಿದೆ. ಕಟ್ಟುವಾಗ ಗಿಳಿಯ ಕೊಕ್ಕು ಇರುವ ರಟ್ಟುಗಳನ್ನು ಬೆನ್ನು ಮುಂದಾಗಿ ಪೋಣಿಸಿಬಿಟ್ಟೆ.

ನೇಯುವಾಗ ನಮ್ಮ ಮಗ್ಗದಲ್ಲಿ ಸೀರೆಯ ಸರಿಮುಖ ಕೆಳಗಡೆಗೆ ಇರುತ್ತದೆ. ಹೊಸದಾಗಿ ಏನಾದರೂ ಕಟ್ಟಿದಾಗ ಕೆಳಗೆ ಸಣ್ಣ ಕನ್ನಡಿ ಹಿಡಿದು ಚಿತ್ರ ನೋಡಿಕೊಳ್ಳಬೇಕು. ಕನ್ನಡಿ ನನ್ನ ಹತ್ತಿರ ಇತ್ತು. ಆದರೆ ಮಾರನೇ ದಿನ ಹೊಸಕೋಟೆಯಿಂದ ಹುಡುಗನ ಕಡೆಯವರು ನನ್ನನ್ನು ನೋಡಲು ಬರುವವರಿದ್ದರು. ಹಾಗಾಗಿ ಆವತ್ತು ಬೆಳಗ್ಗೆಯೆಲ್ಲ ಕನ್ನಡಿ ನನ್ನ ಮೂಗಿನ ಕೆಲಸದಲ್ಲಿತ್ತು. ಮೂಗುಬೊಟ್ಟು ಯಾವ ಕಡೆಯಿಂದ ನೋಡಿದರೆ ಹೊಳೆಯುತ್ತದೆ ಅಂತ ಪರೀಕ್ಷೆ ಮಾಡಿದ್ದೇ ಮಾಡಿದ್ದು. ಕೊನೆಗೆ ಕನ್ನಡಿಯನ್ನು ಸೀರೆಯ ಕೆಳಗೆ ಹಿಡಿಯುವಷ್ಟರಲ್ಲಿ ಮೂರು ಗಿಳಿಗಳು ಆಗಿಹೋಗಿದ್ದವು. ಮೂರಕ್ಕೂ ಮುಖದಲ್ಲಿ ಕೊಕ್ಕಿಲ್ಲ. ಕೊಕ್ಕು ಹೋಗಿ ಬಾಲದ ಹತ್ತಿರ ಕೂತಿತ್ತು.

ಬಿಚ್ಚಿ ಮತ್ತೆ ನೇಯಬೇಕೆಂದರೆ ಅರ್ಧ ದಿನ ಬೇಕು, ಸಂಜೆಗೆ ಅಪ್ಪ ಬಂದುಬಿಡುತ್ತಾನೆ. ಅದು ಸೀರೆಯ ಒಳತುದಿ, ಸೊಂಟಕ್ಕೆ ಸಿಕ್ಕಿಸುವ ಕಡೆ. ಉಟ್ಟವಳಿಗೂ ಕಾಣುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ರಟ್ಟು ಸರಿ ಮಾಡಿ ಮುಂದಕ್ಕೆ ನೇಯ್ದೆ, ಸೀರೆ ಮುಗಿದ ಮೇಲೆ ಆ ತುದಿ ಒಳಗೆ ಹೋಗುವ ಹಾಗೆ ನಾನೇ ಮಡಿಸಿ ಸಾಹುಕಾರರ ಗಂಟಿಗೆ ಸೇರಿಸಿದೆ. ಹುಡುಗನ ಕಡೆಯವರು ನನ್ನನ್ನು ಒಪ್ಪಿದರು. ಗಿಳಿಗಳನ್ನು ನಾನು ಮರೆತೇಬಿಟ್ಟೆ.

ಸಂಕ್ರಾಂತಿ ಕಳೆದ ಮೇಲೆ, ನಮ್ಮೂರ ಪಕ್ಕದ ಮಧುರೆಯ ಕಡೆಗೆ ಹೋಗುವ ದಾರಿಯ ಹತ್ತಿರ ಒಂದು ಪಾಳುಬಾವಿಯಲ್ಲಿ ಹೆಂಗಸೊಬ್ಬಳ ಹೆಣ ಸಿಕ್ಕಿತು. ತಲೆಗೆ ಹೊಡೆದು ಬಾವಿಗೆ ಹಾಕಿದ್ದರಂತೆ. ಮೂವತ್ತರ ಹತ್ತಿರದ ವಯಸ್ಸು. ಸುತ್ತಮುತ್ತಲ ಹಳ್ಳಿಗಳಲ್ಲಿ ಯಾರ ಮನೆಯಲ್ಲೂ ಹೆಂಗಸರು ಕಾಣೆಯಾಗಿರಲಿಲ್ಲ. ಪೊಲೀಸರು ವಾರದ ತನಕ ವಿಚಾರಿಸಿದರು, ಕೇಳಿಕೊಂಡು ಒಬ್ಬರೂ ಬರಲಿಲ್ಲ. ಕೊನೆಗೆ ಅವರೇ ಮಣ್ಣು ಮಾಡಿದರು. ಉಳಿದದ್ದು ಅವಳ ಸೀರೆಯೊಂದೇ.

ಆ ಸೀರೆಯ ತುಂಡು ಹಿಡಿದುಕೊಂಡು ಒಂದು ಮಧ್ಯಾಹ್ನ ನಮ್ಮ ಬೀದಿಗೆ ಒಬ್ಬ ಕಾನ್‌ಸ್ಟೇಬಲ್ ಬಂದರು. ವಯಸ್ಸಾದವರು, ಮೆತ್ತಗಿನ ಮಾತು, ಬಿಸಿಲಿಗೆ ಬಸವಳಿದಿದ್ದರು. ನಮ್ಮ ಜಗಲಿಯ ಮೇಲೆ ಕೂತು, ಅಮ್ಮ ಕೊಟ್ಟ ಮಜ್ಜಿಗೆ ಕುಡಿದು, ಕಾಗದದ ಪೊಟ್ಟಣ ಬಿಚ್ಚಿದರು.

"ನೋಡ್ರಪ್ಪಾ, ಇದ್ಯಾರ್ ಮಗ್ಗದ್ದು ಅಂತ ಹೇಳಿದ್ರೆ ಸಾಕು. ಮಗ್ಗದಿಂದ ಅಂಗಡಿ, ಅಂಗಡಿಯಿಂದ ಮನೆ, ಹಂಗೇ ಹಿಡ್ಕೊಂಡ್ ಹೋಗ್ತೀವಿ. ಆ ಯಮ್ಮಂಗೆ ಒಂದ್ ಹೆಸ್ರಾದ್ರೂ ಸಿಗ್ತದೆ" ಎಂದರು.

ನಾನು ಒಳಗೆ ಮಗ್ಗದಲ್ಲಿದ್ದೆ. ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು. ಎಲೆಹಸಿರು, ಕುಂಕುಮದ ಅಂಚು, ಮೂರು ಗಿಳಿ, ಬಾಲದ ಹತ್ತಿರ ಕೊಕ್ಕು.

ಅಪ್ಪ ತುಂಡನ್ನು ಬೆಳಕಿಗೆ ಹಿಡಿದು ನೋಡಿದ. ಅವನ ಮುಖ ಕೆಂಪಗಾಯಿತು. ಕೊಲೆಯ ಬಗ್ಗೆ ಅಲ್ಲ, ಗಿಳಿಯ ಬಗ್ಗೆ.

"ಸ್ವಾಮಿ, ಇದು ನಮ್ಮೂರ್ ನೇಯ್ಗೆನೇ ಅಲ್ಲ. ಗಿಳಿಗೆ ಕೊಕ್ಕು ಎಲ್ಲಿರ್ತದೆ ಅಂತ ಗೊತ್ತಿಲ್ದೋನು ಯಾವನೋ ನೇಯ್ದವ್ನೆ. ನಮ್ ಬೀದೀಲಿ ಇಂಥ ಕೆಲ್ಸ ಮಾಡಿದ್ರೆ ನಾವೇ ಮಗ್ಗ ಮುಚ್ಚಿಸ್ತೀವಿ!"

ಅಷ್ಟು ಹೊತ್ತಿಗೆ ಅಕ್ಕಪಕ್ಕದ ಮನೆಯವರೆಲ್ಲ ಸೇರಿದ್ದರು. ತುಂಡು ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರೂ ನೋಡಿ ಮೂಗು ಮುರಿದರು. ಒಬ್ಬರು ಇದು ಗಡಿಯಾಚೆಯದು ಅಂದರು, ಇನ್ನೊಬ್ಬರು ಯಾವನೋ ಕರೆಂಟ್ ಮಗ್ಗದವನು ನಿದ್ದೆ ಹೊಡೆದಿದ್ದಾನೆ ಅಂದರು. ಪಾಪ, ಆ ಕಾನ್‌ಸ್ಟೇಬಲ್ ಕೇಳಿದ್ದು ಹೆಂಗಸಿನ ಬಗ್ಗೆ. ನಮ್ಮವರು ಹೇಳಿದ್ದೆಲ್ಲ ನೇಯ್ಗೆಯ ಬಗ್ಗೆ. ಬೇರೆ ಯಾವ ಊರಿನಲ್ಲಾದರೂ ಒಬ್ಬನಾದರೂ ನಮ್ಮದಿರಬಹುದು ಅನ್ನುತ್ತಿದ್ದನೇನೋ. ತಪ್ಪಿಲ್ಲದ ಸೀರೆಯಾಗಿದ್ದರೆ ನಮ್ಮ ಬೀದಿಯಲ್ಲೂ ಹತ್ತು ಜನ ನಮ್ಮದೇ ಅನ್ನುತ್ತಿದ್ದರು. ಕಾನ್‌ಸ್ಟೇಬಲ್ ಪೊಟ್ಟಣ ಕಟ್ಟಿಕೊಂಡು ಮುಂದಿನ ಬೀದಿಗೆ ಹೋದರು.

ನಾನು ಬಾಯಿ ಬಿಡಲಿಲ್ಲ. ಈಗ ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಹೆದರಿಕೆಯಾಗಿತ್ತು. ವೈಶಾಖದಲ್ಲಿ ಮದುವೆ, ಕೊಲೆಯ ವಿಷಯದಲ್ಲಿ ಹುಡುಗಿಯ ಹೆಸರು ಬಂದರೆ ಹೊಸಕೋಟೆಯವರು ಏನಂದಾರು? ಅಪ್ಪ ಬೀದಿಯ ಮುಂದೆ ಅಷ್ಟು ಎದೆ ತಟ್ಟಿಕೊಂಡಿದ್ದಾನೆ, ಅವನ ಮುಖ ಏನಾದೀತು? ಎರಡು ದಿನ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ಮದುವೆಯ ಹುಡುಗಿಗೆ ಹೀಗೇ ಆಗುವುದು ಅಂತ ನೆರೆಮನೆಯ ಅಜ್ಜಿ ಕೆನ್ನೆ ಚಿವುಟಿ ಹೋದಳು. ಮೂರನೇ ದಿನ ತಡೆಯಲಾರದೆ ಅಮ್ಮನ ಹತ್ತಿರ ಹೋಗಿ, "ಅಮ್ಮಾ, ಆ ಗಿಳಿ ನಂದೇ" ಎಂದೆ.

ಅಮ್ಮ ರಾಟೆ ನಿಲ್ಲಿಸಲೂ ಇಲ್ಲ. "ಗೊತ್ತು ಕಣೆ. ನೀನ್ ಮಡಚಿಟ್ಟಿದ್ದ ದಿನಾನೇ ನೋಡ್ದೆ. ಎಂದೂ ಸೀರೆ ಮಡಚ್ದೇ ಇರೋಳು ಅವತ್ತೇನು ಅಷ್ಟು ಮುದ್ದಾಗಿ ಮಡಚಿದ್ದೀಯಲ್ಲ ಅಂತ ಬಿಚ್ಚಿ ನೋಡ್ದೆ. ನಿಮ್ಮಪ್ಪ ಮಾತು ಬಿಡ್ತಾರಲ್ಲ ಅಂತ ಸುಮ್ನಾದೆ."

"ಈಗೇನ್ ಮಾಡ್ಲಿ?"

"ಮದ್ವೆ ಒಂದು ಮುಗೀಲಿ. ಆಮೇಲ್ ನೋಡೋಣ."

ಆಮೇಲೆ ನೋಡೋಣ ಅಂದುಕೊಂಡೇ ನಾನೂ ಕೊಡ ಎತ್ತಿಕೊಂಡು ಬೀದಿ ನಲ್ಲಿಗೆ ಹೋದೆ. ಅಲ್ಲಿ ಹೆಂಗಸರು ಬಾವಿಯ ಹೆಂಗಸಿನ ಮಾತೇ ಆಡುತ್ತಿದ್ದರು. ಒಬ್ಬಳು ಅವಳು ಗಂಡನನ್ನು ಬಿಟ್ಟು ಓಡಿಬಂದವಳಂತೆ ಅಂದಳು. ಇನ್ನೊಬ್ಬಳು, ಮಾನವಂತೆಯಾಗಿದ್ದರೆ ಹುಡುಕಿಕೊಂಡು ಯಾರಾದರೂ ಬರುತ್ತಿರಲಿಲ್ಲವೇ ಎಂದಳು. ಮೂರನೆಯವಳು ಇನ್ನೂ ಕೆಟ್ಟ ಮಾತು ಅಂದಳು, ಅದನ್ನು ಇಲ್ಲಿ ಬರೆಯಲಾರೆ. ಯಾರಿಗೂ ಅವಳ ಗೋತ್ರ ಗೊತ್ತಿಲ್ಲ, ಊರು ಗೊತ್ತಿಲ್ಲ. ಹೆಸರೊಂದಿಲ್ಲದಿದ್ದರೆ ಹೆಂಗಸನ್ನು ಯಾರು ಏನಂತ ಬೇಕಾದರೂ ಕರೆಯಬಹುದು ಅಂತ ನನಗೆ ಅವತ್ತು ಗೊತ್ತಾಯಿತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ಸತ್ತೋರ್ ಮೇಲೆ ಯಾಕ್ರೇ ನಾಲಿಗೆ ಹರಿಬಿಡ್ತೀರಾ?" ಎಂದು ಕೂಗಿ, ತುಂಬಿದ ಕೊಡವನ್ನು ಅಲ್ಲೇ ಬಿಟ್ಟು, ನೇರ ಮನೆಗೆ ಬಂದು ಅಪ್ಪನ ಮಗ್ಗದ ಮುಂದೆ ನಿಂತೆ.

"ಅಪ್ಪಾ, ಕೊಕ್ಕು ಬಾಲಕ್ಕೆ ಹಾಕಿದ್ದು ನಾನೇ."

ಅಪ್ಪನ ಕೈಯಲ್ಲಿ ಲಾಳಿ ನಿಂತಿತು. ಗುಂಡಿಯಿಂದ ಮೇಲೆ ಬಂದ. ನನ್ನನ್ನು ನೋಡಲಿಲ್ಲ. ನನ್ನ ಮಗ್ಗದ ಹತ್ತಿರ ಹೋಗಿ ತಲೆಯೆತ್ತಿ ರಟ್ಟಿನ ಮಾಲೆ ನೋಡಿದ.

"ಯಾವ್ ರಟ್ಟು?"

ತೋರಿಸಿದೆ. ಏಣಿ ಹತ್ತಿ ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿದ. "ಬೆನ್ನು ಮುಂದಾಗಿ ಪೋಣಿಸ್ದ್ಯಾ? ಹಂಗಾದ್ರೆ ಕೊಕ್ಕು ಬಾಲಕ್ಕೆ ಹೋಗ್ಲೇಬೇಕು. ಸರಿಯಾಗೇ ಹೋಗೈತೆ" ಎಂದ. ಅರೆಗಳಿಗೆ ಅವನಿಗೆ ಆ ತಪ್ಪಿನ ಲೆಕ್ಕಾಚಾರವೇ ಸಂತೋಷ ಕೊಟ್ಟ ಹಾಗಿತ್ತು. ಆಮೇಲೆ ತಾನು ಬೀದಿಯಲ್ಲಿ ಆಡಿದ ಮಾತು ನೆನಪಾಯಿತು ಅಂತ ಕಾಣುತ್ತದೆ. ಏಣಿಯ ಮೇಲೆಯೇ ಕೂತುಬಿಟ್ಟ. ನಾನು ಕೆಳಗೆ ಏಣಿ ಹಿಡಿದುಕೊಂಡು ನಿಂತಿದ್ದೆ.

ಕೆಳಗಿಳಿದವನು ಒಗೆದ ಪಂಚೆ ಉಟ್ಟು, ಹಬ್ಬದ ಕೋಟು ಹಾಕಿಕೊಂಡ. "ನಡಿ, ಠಾಣೆಗೆ."

ಅಮ್ಮ ಅಡ್ಡ ಬಂದಳು. "ಮದ್ವೆ ಗೊತ್ತಾಗಿರೋ ಹುಡುಗೀನ ಠಾಣೆಗೆ ಕರ್ಕೊಂಡ್ ಹೋಗ್ತೀರೇನ್ರೀ? ನೀವೊಬ್ರೇ ಹೋಗ್ಬನ್ನಿ."

"ನಾನೊಬ್ನೇ ಹೋದ್ರೆ ಆ ಗಿಳಿ ನಾನೇ ನೇಯ್ದಿದ್ದು ಅನ್ಕೊಳ್ಳಲ್ವೇನೇ!" ಎಂದ ಅಪ್ಪ.

ದಾರಿಯುದ್ದಕ್ಕೂ ಒಂದೊಂದು ಜಗಲಿಯ ಮುಂದೆಯೂ ಅಪ್ಪ ನಿಂತ. "ಆ ಗಿಳಿ ನಮ್ ಮನೇದೇ ಕಣಪ್ಪಾ. ನನ್ ಮಗಳು ನೇಯ್ದಿದ್ದು. ಮೊನ್ನೆ ನಾನಾಡಿದ್ದು ತಪ್ಪು" ಎಂದು ಹೇಳಿ ಮುಂದಕ್ಕೆ ಹೋಗುತ್ತಿದ್ದ. ಹೇಳದೆಯೂ ಹೋಗಬಹುದಿತ್ತು. ಕೇಳಿದವರ ಮುಖ ನೋಡಲಾರದೆ ನಾನು ನೆಲ ನೋಡುತ್ತ ನಡೆದೆ. ಯಾವ ಸೀರೆಗೂ ಅಪ್ಪನನ್ನು ಹೊಗಳದಿದ್ದ ನಾನು ಆವತ್ತು ಮನಸ್ಸಿನಲ್ಲೇ ಅವನ ಕಾಲಿಗೆ ಬಿದ್ದೆ.

ಠಾಣೆಯಲ್ಲಿ ಏನೂ ಆಗಲಿಲ್ಲ. ಅದೇ ಕಾನ್‌ಸ್ಟೇಬಲ್ ನನಗೆ ಕೂರಲು ಸ್ಟೂಲು ಕೊಟ್ಟು, ನಾನು ಹೇಳಿದ್ದನ್ನು ಬರೆದುಕೊಂಡು, ಸಹಿ ಹಾಕಿಸಿಕೊಂಡರು. ಆಮೇಲೆ ಸಾಹುಕಾರರನ್ನು ಕರೆಸಿದರು. ಅವರಿಗೂ ಮೊದಲೇ ಗೊತ್ತಿತ್ತಂತೆ! ಸೀರೆ ಕೈಗೆ ಬಂದ ದಿನವೇ ತಪ್ಪು ಕಂಡು, ಅಪ್ಪನಿಗೆ ಹೇಳಿದರೆ ಒಂದು ವಾರ ಮಗ್ಗ ನಿಲ್ಲುತ್ತದೆಂದು ಹೆದರಿ, ಅಂಗಡಿಗೆ ಕಳಿಸದೆ ಗಂಟು ಹೊತ್ತು ಊರೂರು ತಿರುಗುವ ಸೀರೆ ವ್ಯಾಪಾರಿಯೊಬ್ಬನಿಗೆ ಕೊಟ್ಟುಬಿಟ್ಟಿದ್ದರು. ಪೊಲೀಸರು ಬಂದಾಗ, ಹುಡುಗಿಯ ಮದುವೆ ಇದೆ ಎಂದು ಬಾಯಿ ಮುಚ್ಚಿಕೊಂಡಿದ್ದರು. ಇಡೀ ದೊಡ್ಡಬಳ್ಳಾಪುರದಲ್ಲಿ ಆ ಗಿಳಿಯ ವಿಷಯ ಗೊತ್ತಿಲ್ಲದಿದ್ದವನು ಅಪ್ಪ ಒಬ್ಬನೇ.

ಆ ವ್ಯಾಪಾರಿಯನ್ನು ಹುಡುಕುವುದೇ ಈಗ ಕೆಲಸ. ಅವನಿಗೆ ಊರಿಲ್ಲ, ಮನೆಯಿಲ್ಲ, ಎಲ್ಲಿ ಸಂತೆಯೋ ಅಲ್ಲಿ. ಪೊಲೀಸರಿಗೆ ಅಷ್ಟು ಪುರುಸೊತ್ತಿರಲಿಲ್ಲ, ಅಪ್ಪನಿಗಿತ್ತು. ಮಗ್ಗ ಬಿಟ್ಟವನೇ ಸಂತೆ ಇದ್ದ ಕಡೆ ಬಸ್ಸು ಹತ್ತತೊಡಗಿದ. ದೇವನಹಳ್ಳಿ, ನೆಲಮಂಗಲ, ಹೊಸಕೋಟೆ ಎಲ್ಲ ಆಯಿತು. ಮದುವೆಯ ಸಾಮಾನು ತರುತ್ತೇನೆಂದು ಹೋಗಿ ಬರಿಗೈಯಲ್ಲಿ ಬರುತ್ತಿದ್ದ. ಅಮ್ಮ, "ಹುಣಿಸೇಹಣ್ಣು ಎಲ್ರೀ?" ಎಂದರೆ, "ಸಿಗ್ಲಿಲ್ಲ, ದೇವನಹಳ್ಳಿ ಕಡೆ ಹೋಗವ್ನಂತೆ" ಎನ್ನುತ್ತಿದ್ದ.

ಇಷ್ಟರಲ್ಲಿ ಸುದ್ದಿ ಹೊಸಕೋಟೆಗೂ ಮುಟ್ಟಿ, ನನ್ನ ಅತ್ತೆಯಾಗುವವರು ಹೇಳದೆ ಕೇಳದೆ ಬಂದಿಳಿದರು. ಅವರು ನನ್ನನ್ನು ಮುಂದೆ ಕೂರಿಸಿಕೊಂಡು ಎಲ್ಲ ಕೇಳಿದರು. ನಾನೂ ಎಲ್ಲ ಹೇಳಿದೆ, ಕನ್ನಡಿಯ ವಿಷಯ ಕೂಡ ಬಿಡಲಿಲ್ಲ. ಕೇಳಿ ಮುಗಿಸಿ ಅವರು, "ಇಷ್ಟು ನಿಜ ಹೇಳೋ ಹುಡುಗಿ ಆದ್ರೆ ಕಷ್ಟ ಕಣಮ್ಮಾ. ನಮ್ಮನೇಲಿ ದಿನಕ್ಕೆ ಒಂದೆರಡು ಸುಳ್ಳು ಬೇಕಾಗ್ತದೆ, ಅದನ್ನ ನಾನೇ ಹೇಳ್ಕೊಂತೀನಿ, ನೀನ್ ಸುಮ್ನಿದ್ರೆ ಸಾಕು" ಎಂದು ಗಹಗಹಿಸಿ ನಕ್ಕರು. ಅಮ್ಮ ಒಳಗೆ ಹೋಗಿ ಕಣ್ಣೊರೆಸಿಕೊಂಡು ಒಬ್ಬಟ್ಟಿಗೆ ಬೇಳೆ ಇಟ್ಟಳು.

ಮದುವೆಗೆ ಹದಿನೈದು ದಿನವಿದ್ದಾಗ ಅಪ್ಪ ಆ ವ್ಯಾಪಾರಿಯನ್ನು ಗಂಟಿನ ಸಮೇತ ಕರೆದುಕೊಂಡು ಬಂದ. ಸಣಕಲು ಮನುಷ್ಯ, ಬಾಯಿ ತುಂಬ ಎಲೆಅಡಿಕೆ. ಜೊತೆಗೆ ಕಾನ್‌ಸ್ಟೇಬಲರನ್ನೂ ಹೇಳಿ ಕಳಿಸಿ ಕರೆಸಿದ್ದ. ಎಲ್ಲರೂ ಜಗಲಿಯ ಮೇಲೆ ಕೂತರು. ನಾನು ಹೊಸಿಲ ಮೇಲೆ ನಿಂತೆ. ಈಗ ಹೆಸರು ಬರುತ್ತದೆ ಎಂದು ಕಿವಿಗೊಟ್ಟೆ.

ಅವನಿಗೆ ಚೆನ್ನಾಗಿ ನೆನಪಿತ್ತು. "ಆವತಿ ಹತ್ರ, ಬಸ್ಸು ನಿಲ್ಲೋ ಕಡೆ, ಮರದ್ ಕೆಳಗೆ ಕೂತಿದ್ಲು ಸ್ವಾಮಿ. ಒಬ್ಳೇ. ಕೈಯಾಗೊಂದು ಬಟ್ಟೆ ಚೀಲ. ಹೊಸ ಸೀರೆ ಉಡ್ಬೇಕು ಅನ್ಸ್ತದೆ, ತೋರ್ಸಪ್ಪಾ ಅಂದ್ಲು. ನಾನ್ ಮೋಸ ಮಾಡ್ಲಿಲ್ಲ, ಒಳತುದಿ ಬಿಚ್ಚಿ, ಇಲ್ಲಿ ತಪ್ಪೈತೆ ನೋಡಕ್ಕಾ ಅಂತ ನಾನೇ ತೋರಿಸ್ದೆ. ಅವ್ಳು ನೋಡಿ ನೋಡಿ ನಕ್ಕಿದ್ದೇ ನಕ್ಕಿದ್ದು. ಕಣ್ಣಲ್ಲಿ ನೀರ್ ಬರೋಗಂಟ ನಕ್ಳು. ನಂಗೂ ನಗು ಬಂತು."

"ಏನಂದ್ಲು?" ಎಂದರು ಕಾನ್‌ಸ್ಟೇಬಲ್.

"ಇದನ್ನ ನೇಯ್ದೋಳು ಹುಡುಗೀನೇ ಇರ್ಬೇಕು, ಮನಸ್ಸು ಎಲ್ಲೋ ಇಟ್ಕೊಂಡ್ ನೇಯ್ದವ್ಳೆ, ಪಾಪ, ಯಾರೂ ಬೈಯದಿದ್ರೆ ಸಾಕು ಅಂದ್ಲು. ಎಲ್ಲಿ ನೇಯ್ದಿದ್ದು ಅಂತ ಕೇಳಿದ್ಲು. ದೊಡ್ಡಬಳ್ಳಾಪುರ ಅಂದೆ. ಒಂದಿನ ಹೋಗಿ ಆ ಹುಡುಗೀನ ನೋಡ್ಕೊಂಡ್ ಬರ್ತೀನಿ, ಯಾರ್ನ ನೆನೆಸ್ಕೊಂತಿದ್ದೆ ಅಂತ ಕೇಳ್ತೀನಿ ಅಂದ್ಲು. ಅಷ್ಟರಾಗೆ ಬಸ್ ಬಂತು. ಕೈ ಬೀಸ್ಕೊಂಡ್ ಹತ್ತಿದ್ಲು."

"ಹೆಸ್ರು? ಊರು? ಯಾವ್ ಬಸ್ಸು?"

"ನಾನ್ ಕೇಳ್ಲಿಲ್ಲ ಸ್ವಾಮಿ. ಸೀರೆ ಮಾರೋನು ಹೆಣ್ಮಕ್ಕಳ ಹೆಸ್ರು ಕೇಳ್ತಾನಾ?"

ಕಾನ್‌ಸ್ಟೇಬಲ್ ಇನ್ನೂ ಎಷ್ಟೋ ಕೇಳಿದರು. ಅವನಿಗೆ ಗೊತ್ತಿದ್ದದ್ದು ಅಷ್ಟೇ. ನಾನು ಒಳಗೆ ಹೋಗಿ ನನ್ನ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ಅತ್ತೆ. ಲೋಕದಲ್ಲಿ ಅವಳನ್ನು ಬಲ್ಲವರು ಯಾರೂ ಸಿಗಲಿಲ್ಲ, ಅವಳು ಮಾತ್ರ ನನ್ನನ್ನು ನೋಡದೆಯೇ ತಿಳಿದುಕೊಂಡಿದ್ದಳು. ನನಗೆ ಯಾರೂ ಬೈಯದಿರಲಿ ಎಂದಿದ್ದಳು. ಅಂಥವಳನ್ನು ಹೊಡೆದು ಹಾಕಲು ಯಾರಿಗೆ ಕೈ ಬಂತೋ, ಇವತ್ತಿಗೂ ನನಗೆ ಸಿಟ್ಟು ಇಳಿದಿಲ್ಲ. ಅಪ್ಪ ಬಾಗಿಲಲ್ಲಿ ಬಂದು ನಿಂತು ನೋಡಿ, "ಅಳು ಮಗಾ, ಆದ್ರೆ ರೇಷ್ಮೆ ಮೇಲ್ ಬೀಳಿಸ್ಬೇಡ" ಎಂದು ಮೆಲ್ಲಗೆ ಹೇಳಿ ಹೊರಗೆ ಹೋದ. ಅಳುತ್ತಿದ್ದವಳಿಗೆ ನಗು ಬಂತು.

ಹೊರಗೆ ಕಾನ್‌ಸ್ಟೇಬಲ್ ಪುಸ್ತಕ ಮುಚ್ಚುವುದರಲ್ಲಿದ್ದರು. ಅಪ್ಪ ಬಿಡಲಿಲ್ಲ.

"ಏನಂತ ಬರ್ಕೊಂಡ್ರಿ ಸ್ವಾಮಿ?"

"ಏನ್ ಬರ್ಯೋದಪ್ಪಾ. ಹೆಸ್ರು ತಿಳಿದಿಲ್ಲ, ಊರು ತಿಳಿದಿಲ್ಲ. ಇನ್ನೇನೈತೆ?"

"ನಗ್ತಿದ್ಲಲ್ಲ. ಅದನ್ನ ಬರ್ಕೊಳ್ಳಿ."

"ಅದಕ್ಕೆಲ್ಲ ಇಲ್ಲಿ ಜಾಗ ಇಲ್ಲ ಕಣಯ್ಯಾ."

"ಕೆಳಗಡೆ ಎಲ್ಲಾದ್ರೂ ಬರ್ಕೊಳ್ಳಿ ಸ್ವಾಮಿ. ಬಾಯಿಗೆ ಬಂದಂಗೆ ಮಾತಾಡ್ತಾರೆ ಜನ. ಒಂದ್ ಕಡೆಯಾದ್ರೂ ಸರಿಯಾಗಿರ್ಲಿ."

ಕಾನ್‌ಸ್ಟೇಬಲ್ ಅಪ್ಪನ ಮುಖ ನೋಡಿದರು. ಪುಸ್ತಕ ತೆರೆದು, ಸೀಸದಕಡ್ಡಿ ನಾಲಿಗೆಗೆ ತಾಗಿಸಿ, ಸಾವಕಾಶವಾಗಿ ಒಂದು ಸಾಲು ಬರೆದರು. ಓದಿ ಹೇಳಿ ಎಂದ ಅಪ್ಪ. ನಾನೂ ಮುಖ ಒರೆಸಿಕೊಂಡು ಹೊಸಿಲಿಗೆ ಬಂದೆ. ಅವರು ಗಂಟಲು ಸರಿಮಾಡಿಕೊಂಡು, ಕೋರ್ಟಿನಲ್ಲಿ ಓದುವ ಹಾಗೆ ಓದಿದರು:

"ಮೃತಳು ನಗುವ ಸ್ವಭಾವದವಳೆಂದು ತಿಳಿದುಬಂದಿರುತ್ತದೆ."

"ಸರಿ" ಎಂದ ಅಪ್ಪ. ಅದಕ್ಕಿಂತ ಹೆಚ್ಚಿಗೆ ಅವಳ ಬಗ್ಗೆ ಆಮೇಲೂ ಯಾರಿಗೂ ತಿಳಿಯಲಿಲ್ಲ.